ಲೋನ್‌ಗೋಸ್ಕರ ಐಟಿಆರ್-4ರಲ್ಲಿ (ಸಣ್ಣ ವ್ಯಾಪಾರಿಗಳ ಇನ್‌ಕಂ ಟ್ಯಾಕ್ಸ್ ರಿಟರ್ನಲ್ಲಿ) ಟರ್ನೋವರ್ ಜಾಸ್ತಿ ತೋರಿಸಬಹುದಾ? ಟ್ಯಾಕ್ಸ್ ಹೇಗೂ ಸೊನ್ನೆ ಬರುತ್ತಲ್ಲ?

ಬೇಡ. ನಿಮ್ಮ ಪ್ರಶ್ನೆಯಲ್ಲಿ ಮೊಬೈಲ್ ಅಂಗಡಿ ಅಂತಿರೋ ಕಡೆ ಹಾರ್ಡ್‌ವೇರ್ ಅಂಗಡಿ ಅಂತ ಹಾಕ್ಕೊಂಡ್ರೆ ಅದು 2021ರಲ್ಲಿ ನಾನು. ನೀವು ಬರ್ದಿರೋದು ಇಷ್ಟು: ವರ್ಷಕ್ಕೆ ವ್ಯಾಪಾರ 35 ಲಕ್ಷ, ಎಲ್ಲಾ ಕಳೆದು ತಿಂಗಳಿಗೆ 40 ಸಾವಿರ ಉಳಿಯುತ್ತೆ, ಹತ್ತು ಲಕ್ಷ ಲೋನ್ ಕೇಳಿದ್ರೆ ಬ್ಯಾಂಕಿನವರು ಇನ್‌ಕಂ ಸಾಲಲ್ಲ ಅಂದ್ರು, ರಿಟರ್ನ್ ಹಾಕೋನು 60 ಲಕ್ಷ ತೋರಿಸೋಣ ಅಂದ. ಓದ್ತಾ ಓದ್ತಾ ನಂಗೆ ನಗೂನೂ ಬಂತು, ಸಿಟ್ಟೂ ಬಂತು.

ನಂದು ಪೈಪು, ನಲ್ಲಿ, ವೈರು, ಬಣ್ಣ ಮಾರೋ ಅಂಗಡಿ. ಪಕ್ಕದ ಮಳಿಗೆ ಖಾಲಿ ಆಯ್ತು, ತಗೊಂಡು ಗೋಡೆ ಒಡೆದು ದೊಡ್ಡದು ಮಾಡೋಣ ಅಂತ ಆಸೆ. ಬ್ಯಾಂಕಿಗೆ ಹೋದೆ, ಎರಡು ವರ್ಷದ ಐಟಿಆರ್ ಕೇಳಿದ್ರು. ಹಿಂದಿನ ವರ್ಷದ್ದು ನೋಡಿದ್ರೆ 28 ಲಕ್ಷ ವ್ಯಾಪಾರಕ್ಕೆ 8% ಲಾಭ ಅಂತ ಹಾಕಿ 2.24 ಲಕ್ಷ ಇನ್‌ಕಂ ತೋರಿಸಿದ್ದ ನಮ್ಮ ಸೈಬರ್ ಸೆಂಟರ್ ಹುಡುಗ. ಮ್ಯಾನೇಜರ್ರು ಇಷ್ಟರಲ್ಲಿ ಇಎಂಐ ಕಟ್ಟಿ ಮನೆ ಹೇಗ್ರೀ ನಡೆಸ್ತೀರಾ, ಈ ವರ್ಷದ್ದು ನಾಲ್ಕೂವರೆ ಲಕ್ಷನಾದ್ರೂ ಇರ್ಲಿ ಅಂದ್ರು. ತಮಾಷೆ ಏನಪ್ಪಾ ಅಂದ್ರೆ ನಿಜವಾಗ್ಲೂ ಆ ವರ್ಷ ಬಾಡಿಗೆ, ಅಂಗಡಿ ಹುಡುಗನ ಸಂಬಳ, ಕರೆಂಟು ಎಲ್ಲಾ ಕಳೆದು ನಂಗೆ ಉಳಿದಿದ್ದು ನಾಲ್ಕೂವರೆ ಲಕ್ಷದ ಹತ್ರಾನೇ. ವ್ಯಾಪಾರ 32 ಲಕ್ಷ.

ಸೈಬರ್ ಸೆಂಟರ್ ಹುಡುಗನ ಹತ್ರ ಹೋಗಿ ನಾಲ್ಕೂವರೆ ಬರ್ಬೇಕಂತೆ ಕಣಪ್ಪಾ ಅಂದೆ. ಅವನು ಕ್ಯಾಲ್ಕುಲೇಟರ್ ತಗೊಂಡು ಉಲ್ಟಾ ಲೆಕ್ಕ ಹಾಕ್ದ. 4,50,000ನ 8ರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ 56,25,000. ಆ ನಂಬರ್ ತಗೊಂಡು ಟರ್ನೋವರ್ ಕಾಲಮ್ಮಿಗೆ ಟೈಪ್ ಮಾಡ್ದ, ಕೆಳಗೆ ಇನ್‌ಕಂ ತಾನೇ ಬಂತು, ಐದು ಲಕ್ಷದ ಒಳಗೆ ಇದ್ದಿದ್ರಿಂದ ರಿಬೇಟ್ ಸಿಕ್ಕಿ ಟ್ಯಾಕ್ಸ್ ಸೊನ್ನೆ. ನನ್ನ ಫೋನಿಗೆ ಒಟಿಪಿ ಬಂತು, ಹೇಳ್ದೆ, ವೆರಿಫೈ ಆಯ್ತು. ಟೀ ಕುಡಿಯೋ ಹೊತ್ತಲ್ಲಿ ಮುಗೀತು. ಲೋನೂ ಆಯ್ತು, ಗೋಡೇನೂ ಒಡೆದ್ವಿ.

2024ರಲ್ಲಿ ಜಿಎಸ್‌ಟಿ ನೋಟಿಸ್ ಬಂತು. ಇನ್‌ಕಂ ಟ್ಯಾಕ್ಸ್‌ನವರದ್ದಲ್ಲ, ಅದಕ್ಕೇ ಮೊದಲು ನಂಗೆ ಅರ್ಥಾನೇ ಆಗ್ಲಿಲ್ಲ, ನಾನು ಜಿಎಸ್‌ಟಿನೇ ತಗೊಂಡಿಲ್ವಲ್ಲ ನಂಗ್ಯಾಕೆ ಬರುತ್ತೆ ಅಂತ. ಅದೇ ಅವರ ಪ್ರಶ್ನೆನೂ ಆಗಿತ್ತು! 2020-21ರ ನಿಮ್ಮ ಐಟಿಆರ್ ಪ್ರಕಾರ ವ್ಯಾಪಾರ 56,25,000, ಸರಕು ಮಾರೋರಿಗೆ ಮಿತಿ 40 ಲಕ್ಷ, ಯಾಕೆ ನೋಂದಣಿ ಮಾಡಿಸಿಲ್ಲ, ಮಿತಿ ದಾಟಿದ 16,25,000ಕ್ಕೆ 18% ಕಟ್ಟಿ, ಅದರ ಮೇಲೆ ಬಡ್ಡಿ. ಆ 56,25,000 ಅನ್ನೋ ನಂಬರ್ ಇದ್ಯಲ್ಲ, ಅದು ಯಾವ ಬಿಲ್ಲಲ್ಲೂ ಇಲ್ಲ, ಯಾವ ಪಾಸ್‌ಬುಕ್ಕಲ್ಲೂ ಇಲ್ಲ, ಹುಟ್ಟಿದ್ದು ಆ ಕ್ಯಾಲ್ಕುಲೇಟರಲ್ಲಿ.

ಇನ್‌ಕಂ ಟ್ಯಾಕ್ಸ್‌ಗೆ ಕೊಟ್ಟ ಲೆಕ್ಕ ಜಿಎಸ್‌ಟಿಯವರಿಗೆ ಕಾಣಲ್ಲ ಅಂತ ನಮ್ಮೋರಿಗೆಲ್ಲ ಒಂದು ನಂಬಿಕೆ. ಕಾಣುತ್ತೆ. ಪ್ಯಾನ್ ಒಂದೇ.

ಸರಿಯಾದ ಆಡಿಟರ್ ಹತ್ರ ಓಡಿದೆ (ಮೊದಲೇ ಓಡ್ಬೇಕಿತ್ತು, ಫೀಸು ಜಾಸ್ತಿ ಅಂತ ಸೈಬರ್ ಸೆಂಟರಿಗೆ ಹೋಗಿದ್ದು). ಅವರು ಕೇಳಿದ್ದು ಒಂದೇ, ಈ ವ್ಯಾಪಾರ ನಿಜಾನಾ? ಅಲ್ಲ ಸಾರ್, ಖರೀದಿ ಬಿಲ್ ಇದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ, 32 ಲಕ್ಷ ದಾಟಲ್ಲ ಅಂದೆ. ಹಾಗಾದ್ರೆ ಅದನ್ನೇ ಹೇಳಿ ವಾದ ಮಾಡ್ಬೋದು, ಆದ್ರೆ ಆಗ ನೀವು ಇನ್‌ಕಂ ಟ್ಯಾಕ್ಸ್‌ಗೆ ಸುಳ್ಳು ಬರೆದು ಸತ್ಯ ಅಂತ ವೆರಿಫೈ ಮಾಡಿದೀನಿ ಅಂತ ಬರವಣಿಗೆಯಲ್ಲಿ ಒಪ್ಕೊಂಡ ಹಾಗೆ, ಅದೇ ಕಾಗದ ತೋರಿಸಿ ಬ್ಯಾಂಕಲ್ಲಿ ಸಾಲ ಬೇರೆ ಎತ್ತಿದೀರಿ, ಯೋಚನೆ ಮಾಡಿ ಅಂದ್ರು. ರಿವೈಸ್ ಮಾಡೋಣ ಅಂದ್ರೆ ಅದರ ಗಡುವು ಯಾವತ್ತೋ ಮುಗಿದಿತ್ತು. ಅತ್ತ ದರಿ ಇತ್ತ ಪುಲಿ. ಕೊನೆಗೆ ಕಟ್ಟೋದೇ ಅಂತ ತೀರ್ಮಾನ ಮಾಡ್ದೆ. ತೆರಿಗೆ 2,92,500, ವರ್ಷಕ್ಕೆ 18% ಬಡ್ಡಿ ಸೇರಿ ಐದು ಲಕ್ಷದ ಹತ್ರ ಹೋಯ್ತು. 30 ದಿನದೊಳಗೆ ಕಟ್ಟಿದ್ರಿಂದ ದಂಡ ಒಂದು ತಪ್ಪಿತು. ಮಾಡದೇ ಇರೋ ವ್ಯಾಪಾರಕ್ಕೆ, ಗಿರಾಕಿ ಹತ್ರ ಒಂದ್ ರೂಪಾಯಿ ವಸೂಲಿ ಮಾಡದ ತೆರಿಗೆ ಇದು. ನೋಂದಣಿ ಇಲ್ಲದೇ ಇದ್ದಿದ್ರಿಂದ ಖರೀದಿ ಮೇಲೆ ಕೊಟ್ಟಿದ್ದ ಜಿಎಸ್‌ಟಿ ಕಳೆಯೋ ಹಾಗೂ ಇಲ್ಲ, ವ್ಯಾಪಾರದ 1% ಮಾತ್ರ ಕಟ್ಟೋ ಕಾಂಪೊಸಿಷನ್ ಸ್ಕೀಮ್ ಅನ್ನೋ ಹಾಗೂ ಇಲ್ಲ, ಅದು ಮೊದಲೇ ಕೇಳ್ಕೊಂಡೋರಿಗೆ ಮಾತ್ರ.

ಈಗ ನಂಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷಯ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ ತಡ್ಕೊಳಿ. ಟರ್ನೋವರ್ ಏರಿಸೋ ಅಗತ್ಯಾನೇ ಇರ್ಲಿಲ್ಲ. ಈ 44ಎಡಿ ಅಂತಾರಲ್ಲ, ಲೆಕ್ಕದ ಪುಸ್ತಕ ಇಡದೇ ಅಂದಾಜು ಲಾಭ ತೋರಿಸೋಕೆ ಸಣ್ಣ ವ್ಯಾಪಾರಿಗಳಿಗೆ ಇರೋ ಸೆಕ್ಷನ್ನು, ಅದರಲ್ಲಿ ನಗದು ವ್ಯಾಪಾರಕ್ಕೆ 8%, ಯುಪಿಐ-ಬ್ಯಾಂಕ್ ಮೂಲಕ ಬಂದಿದ್ದಕ್ಕೆ 6% ಅನ್ನೋದು ಕನಿಷ್ಠ. ಅದಕ್ಕಿಂತ ಕಮ್ಮಿ ತೋರಿಸಿದ್ರೆ ಲೆಕ್ಕದ ಪುಸ್ತಕ, ಆಡಿಟ್ ಅಂತೆಲ್ಲ ಬರುತ್ತೆ. ಜಾಸ್ತಿ ತೋರಿಸೋಕೆ ಯಾರೂ ಬೇಡ ಅನ್ನಲ್ಲ, ಅಷ್ಟೇ ಅಲ್ಲ, ನಿಜವಾಗಿ ಜಾಸ್ತಿ ಉಳಿದಿದ್ರೆ ಜಾಸ್ತೀನೇ ತೋರಿಸ್ಬೇಕು. ನಂಗೆ ಉಳಿದಿದ್ದು 32 ಲಕ್ಷಕ್ಕೆ ನಾಲ್ಕೂವರೆ, ಅಂದ್ರೆ 14%. ಟರ್ನೋವರ್ ಕಾಲಮ್ಮಲ್ಲಿ 32,00,000, ಲಾಭದ ಕಾಲಮ್ಮಲ್ಲಿ 4,50,000 ಅಂತ ಟೈಪ್ ಮಾಡಿದ್ರೆ ಮುಗೀತಿತ್ತು! ಎರಡೂ ಸತ್ಯ, ಬ್ಯಾಂಕಿಗೂ ಅದೇ ನಾಲ್ಕೂವರೆ, ಟ್ಯಾಕ್ಸೂ ಅದೇ ಸೊನ್ನೆ, 40 ಲಕ್ಷದ ಹತ್ರಾನೂ ಹೋಗ್ತಿರ್ಲಿಲ್ಲ. ಆ ಹುಡುಗ 8% ಅನ್ನೋದನ್ನ ಬಸ್ ಟಿಕೆಟ್ ರೇಟ್ ಥರ ಫಿಕ್ಸ್ ಅಂದ್ಕೊಂಡಿದ್ದ, ನಾನೂ ಕೇಳ್ಲಿಲ್ಲ. ನಿಮ್ಮೋನೂ ಅದನ್ನೇ ಮಾಡ್ತಿದಾನೆ ನೋಡಿ. ತಿಂಗಳಿಗೆ 40 ಸಾವಿರ ಅಂದ್ರೆ ವರ್ಷಕ್ಕೆ 4.8 ಲಕ್ಷ, ಅದನ್ನ 8%ಗೆ ಉಲ್ಟಾ ಹಾಕಿದ್ರೆ ಸರಿಯಾಗಿ 60 ಲಕ್ಷ. ಬೇರೆ ಎಲ್ಲಿಂದಾನೂ ಬಂದಿಲ್ಲ ಆ ಅರವತ್ತು.

ಟ್ಯಾಕ್ಸ್ ಸೊನ್ನೆ ಬರುತ್ತೆ ಅನ್ನೋದೇ ಇದರಲ್ಲಿರೋ ಮೋಸ. ಆಗ ಐದು ಲಕ್ಷದ ತನಕ ಸೊನ್ನೆ, 2025-26ರಿಂದ ಹೊಸ ರೆಜಿಮ್‌ನಲ್ಲಿ 12 ಲಕ್ಷದ ತನಕ ಸೊನ್ನೆ. ಅಂದ್ರೆ ಈಗ ಒಂದು ಕೋಟಿ ವ್ಯಾಪಾರ ಅಂತ ಬರ್ಕೊಂಡ್ರೂ 8%ಗೆ ಎಂಟು ಲಕ್ಷ, ಇನ್‌ಕಂ ಟ್ಯಾಕ್ಸ್ ಏನೂ ಬರಲ್ಲ, ಸಾಲಕ್ಕೋಸ್ಕರ ಬರ್ಕೊಳೋರು ಜಾಸ್ತೀನೇ ಆಗ್ತಾರೆ ಅಂತ ನನ್ನ ಅನಿಸಿಕೆ.

ಆದ್ರೆ ನಿಮ್ಮ ವಿಷಯದಲ್ಲಿ 60 ಲಕ್ಷದ ಮಾತು ಪಕ್ಕಕ್ಕಿಡಿ, ನಿಮ್ಮ ನಿಜವಾದ 35 ಲಕ್ಷಾನೇ ತೊಂದ್ರೆ ಕೊಡೋ ಹಾಗಿದೆ. ಕವರ್, ಚಾರ್ಜರ್ ಮಾರೋದರ ಜೊತೆ ಡಿಸ್‌ಪ್ಲೇ ಹಾಕೋದು, ರಿಪೇರಿ, ರೀಚಾರ್ಜ್ ಕಮಿಷನ್ ಇದೆ ಅಂತ ನೀವೇ ಬರ್ದಿದೀರಿ. 40 ಲಕ್ಷದ ಮಿತಿ ಇರೋದು ಬರೀ ಸರಕು ಮಾರೋರಿಗೆ. ರಿಪೇರಿ ಅಂದ್ರೆ ಸೇವೆ. ಸರಕಿನ ಜೊತೆ ಸೇವೇನೂ ಇದ್ರೆ ಮಿತಿ 20 ಲಕ್ಷ, ಮತ್ತೆ ಆ 20 ಲಕ್ಷಕ್ಕೆ ರಿಪೇರಿ ದುಡ್ಡು ಮಾತ್ರ ಅಲ್ಲ, ಅಂಗಡಿಯ ಒಟ್ಟು ವ್ಯಾಪಾರ ಲೆಕ್ಕಕ್ಕೆ ಬರುತ್ತೆ. 40 ದಾಟಿಲ್ಲ ಅಂತ ನೀವು ನೆಮ್ಮದಿಯಾಗಿದೀರಿ, ಆದ್ರೆ ನೋಂದಣಿ ಯಾವತ್ತೋ ಆಗ್ಬೇಕಿತ್ತು. ಲೋನಿಗಿಂತ ಮೊದಲು ಇದನ್ನ ಸರಿ ಮಾಡ್ಕೊಳಿ, ಇದಕ್ಕೆ ಸೈಬರ್ ಸೆಂಟರ್ ಬೇಡ, ಆಡಿಟರ್‌ಗೆ ದುಡ್ಡು ಕೊಟ್ಟು ಕೂತು ಮಾತಾಡಿ.

ನಿಮ್ಮಂಥ ಅಂಗಡಿಗೆ ಕಾಂಪೊಸಿಷನ್ನೇ ಸರಿ ಅಂತ ನಾನು ಹೇಳೋದು. ವ್ಯಾಪಾರದ 1%, ಅಂದ್ರೆ 35 ಲಕ್ಷಕ್ಕೆ ವರ್ಷಕ್ಕೆ 35 ಸಾವಿರ. ಮೂರು ತಿಂಗಳಿಗೊಂದ್ಸಲ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಸೇವೆ ಐದು ಲಕ್ಷದ ಒಳಗಿದ್ರೆ ಅದರಲ್ಲೇ ನಡೆಯುತ್ತೆ. ಗಿರಾಕಿ ಬಿಲ್ಲಲ್ಲಿ ಜಿಎಸ್‌ಟಿ ಅಂತ ಹಾಕಿ ವಸೂಲಿ ಮಾಡೋ ಹಾಗಿಲ್ಲ, ಹೊರ ರಾಜ್ಯಕ್ಕೆ ಮಾರೋ ಹಾಗಿಲ್ಲ, ನಿಮ್ಗೆ ಎರಡೂ ಬೇಕಾಗಲ್ಲ ಬಿಡಿ. ನಂಗೆ ಮಾತ್ರ ಅದು ಹಿಡಿಸ್ಲಿಲ್ಲ, ಯಾಕಂದ್ರೆ ನನ್ನ ಹತ್ರ ಬರೋ ಕಂಟ್ರಾಕ್ಟರ್‌ಗಳು ಜಿಎಸ್‌ಟಿ ಬಿಲ್ ಇಲ್ಲಾಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ, ಅದಕ್ಕೆ ಮಾಮೂಲಿ ರೆಗ್ಯುಲರ್ ನೋಂದಣಿ ತಗೊಂಡೆ. ಒಂದು ಮಾತ್ರ, ನಂಬರ್ ತಗೊಂಡ ಮೇಲೆ ವ್ಯಾಪಾರ ಇಲ್ಲದ ಸಲಾನೂ ರಿಟರ್ನ್ ಹಾಕ್ಬೇಕು. ಏನೂ ಮಾರಿಲ್ವಲ್ಲ ಅಂತ ಸುಮ್ನೆ ಕೂತೋರು ನಮ್ಮ ಬೀದೀಲೇ ಇದಾರೆ, ದಿನದ ಲೆಕ್ಕದಲ್ಲಿ ಲೇಟ್ ಫೀ ಬೀಳುತ್ತೆ.

ಕ್ಯೂಆರ್ ಕೋಡ್ ಕಿತ್ತಾಕಿ ಬರೀ ಕ್ಯಾಶ್ ಮಾಡ್ಲಾ ಅಂತ ಕೇಳಿದ್ರಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡ್ಕೊಂಡು ರಾಜ್ಯದ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಬಂದಾಗ ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಇದನ್ನೇ ಮಾಡಿದ್ರು, ಯುಪಿಐ ಇಲ್ಲ ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದ್ರು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡಲ್ಲ ಆದ್ರೆ ಮಿತಿ ದಾಟಿದೋರು ನೋಂದಣಿ ಮಾಡಿಸ್ಕೊಳ್ಳಿ ಅಂದ್ರು, ವ್ಯಾಪಾರಿಗಳೂ ಕರೆ ಕೊಟ್ಟಿದ್ದ ಬಂದ್ ಕೈಬಿಟ್ರು. ನನ್ನ ಅಭಿಪ್ರಾಯ ಕೇಳಿದ್ರೆ ಕ್ಯೂಆರ್ ಕೀಳೋದು ದಡ್ಡತನ. ಕಾನೂನಲ್ಲಿ ವ್ಯಾಪಾರ ಅಂದ್ರೆ ಕ್ಯಾಶೂ ಸೇರಿ, ಮೇಲಾಗಿ ಯುಪಿಐ ದುಡ್ಡಿಗೆ ಲಾಭ 6% ಸಾಕು, ಕ್ಯಾಶ್‌ಗೆ 8% ತೋರಿಸ್ಬೇಕು. ಅದರ ಬದಲು ಅಂಗಡಿಗೆ ಅಂತ ಬೇರೆ ಕರೆಂಟ್ ಅಕೌಂಟ್ ಮಾಡಿ ಕ್ಯೂಆರ್ ಅದಕ್ಕೆ ಜೋಡಿಸಿ. ಚೀಟಿ ದುಡ್ಡು, ಭಾಮೈದ ವಾಪಸ್ ಕೊಟ್ಟ ಕೈಸಾಲ, ಕ್ಯಾಶ್ ಕೊಡಣ್ಣ ಫೋನ್‌ಪೇ ಮಾಡ್ತೀನಿ ಅನ್ನೋರ ದುಡ್ಡು, ಇದೆಲ್ಲ ಅಂಗಡಿ ಅಕೌಂಟಿಗೆ ಬಿದ್ರೆ ನಾಳೆ ಎಲ್ಲಾನೂ ನಿಮ್ಮ ವ್ಯಾಪಾರ ಅಂತಾನೇ ಓದ್ತಾರೆ, ಅಲ್ಲ ಅಂತ ತೋರಿಸೋ ಕೆಲಸ ನಿಮ್ದು.

ಇನ್ನೊಂದು, ನಿಮ್ಮ ಮನೆಯವರ ಸಂಬಳದ ರಿಟರ್ನೂ ನಿಮ್ಮ ರಿಟರ್ನ್ ಹಾಕೋನೇ ಹಾಕಿ ಪ್ರತಿ ವರ್ಷ ರೀಫಂಡ್ ಬರಿಸ್ತಾನೆ ಅಂತ ಖುಷಿಯಾಗಿ ಬರ್ದಿದೀರಿ. ಆ ರಿಟರ್ನ್ ಇಳಿಸ್ಕೊಂಡು ಯಾವ ಯಾವ ಸೆಕ್ಷನ್ನಲ್ಲಿ ಏನು ಕಳೆದಿದಾನೆ ಒಂದ್ಸಲ ನೋಡಿ. ಕಟ್ಟದ ಎಲ್‌ಐಸಿ, ಇಲ್ಲದ ಮನೆ ಬಾಡಿಗೆ, ರಾಜಕೀಯ ಪಕ್ಷಕ್ಕೆ ದೇಣಿಗೆ ಇದ್ರೆ ಹೆಮ್ಮೆ ಪಡ್ಬೇಡಿ. ಸುಳ್ಳು ಕಡಿತಕ್ಕೆ ಉಳಿಸಿದ ತೆರಿಗೆಯ 200% ತನಕ ದಂಡ ಇದೆ, ನೋಟಿಸ್ ಬರೋದು ಅವರ ಹೆಸರಿಗೆ, ಅವನ ಹೆಸರಿಗಲ್ಲ. ಇನ್‌ಕಂ ಟ್ಯಾಕ್ಸ್ ಪೋರ್ಟಲಲ್ಲಿ ಎಐಎಸ್ ಅಂತ, ನಿಮ್ಮ ಬಗ್ಗೆ ಇಲಾಖೆಗೆ ಸಿಕ್ಕಿರೋ ಮಾಹಿತಿಯ ಪಟ್ಟಿ ಇರುತ್ತೆ, ಎಫ್‌ಡಿ ಬಡ್ಡಿಯಿಂದ ಹಿಡಿದು ಎಷ್ಟೋ ಅದರಲ್ಲಿ ಬಂದಿರುತ್ತೆ, ಅದನ್ನ ಮುಂದಿಟ್ಕೊಂಡು ತಾಳೆ ನೋಡಿ.

ಲೋನ್ ವಿಷಯ. ಹತ್ತು ಲಕ್ಷ ಬೇಕು ಅಂದ್ರಿ. ಅಡಮಾನ ಇಲ್ಲದೇ ಹತ್ತು ಲಕ್ಷದ ತನಕ ಮುದ್ರಾದಲ್ಲಿ ತರುಣ್ ಅಂತ ಇದೆ, ಬ್ಯಾಂಕಲ್ಲಿ ಕೇಳಿ. ಜಿಎಸ್‌ಟಿ ನಾಲ್ಕು ಕ್ವಾರ್ಟರ್ ಕಟ್ಟಿದ್ದು ತೋರಿಸಿದ್ರೆ ಮ್ಯಾನೇಜರ್‌ಗೂ ನಿಮ್ಮ ವ್ಯಾಪಾರ ನಂಬೋಕೆ ಸುಲಭ, ನನ್ನ ಎರಡನೇ ಸಾಲ ಆಗಿದ್ದೇ ಹಾಗೆ. ಅಲ್ಲೀತನಕ ಕಾಯಕ್ಕಾಗಲ್ಲ ಅಂದ್ರೆ ಈ ವರ್ಷದ ರಿಟರ್ನಲ್ಲಿ 35 ಲಕ್ಷ, 4.8 ಲಕ್ಷ ಅಂತ ನಿಜ ಬರೆದು ಹಾಕಿ, ಅದಕ್ಕೆ ಎಷ್ಟು ಕೊಡ್ತಾರೋ ಅಷ್ಟು ತಗೊಳಿ. ಒಟಿಪಿ ಹೇಳೋಕೆ ಮುಂಚೆ ಸ್ಕ್ರೀನ್ ನಿಮ್ಮ ಕಡೆ ತಿರುಗಿಸ್ಕೊಂಡು ಟರ್ನೋವರ್ ಕಾಲಮ್ ನೀವೇ ಓದಿ.