ಅಕ್ಕಿ ಆಮೇಲೆ, ಮೊದಲು ಕಾಳು ತನ್ನಿ

ದಾವಣಗೆರೆಯಲ್ಲಿ ಹೊಸದಾಗಿ ರೂಮ್ ಮಾಡಿದ್ದೇನೆ, ದುಡ್ಡು ಕಡಿಮೆ, ದಿನಾ ಅನ್ನ ಸಾರು ತಿಂದು ಸುಸ್ತಾಗುತ್ತಿದೆ, ಅಡುಗೆಮನೆಗೆ ಏನೇನು ತಂದಿಡಲಿ ಅಂತ ಕೇಳಿದ್ದೀರಿ.

ನಾನೂ ಇದೇ ಊರಲ್ಲಿ ನಾಲ್ಕು ವರ್ಷ ರೂಮ್ ಮಾಡಿಕೊಂಡು ಓದಿದವನು. ಮೊದಲ ಆರು ತಿಂಗಳು ನನಗೂ ಹೀಗೇ ಆಗಿತ್ತು. ಬೆಳಿಗ್ಗೆ ಮಂಡಕ್ಕಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬುತ್ತಿತ್ತು, ಆದರೆ ಎರಡು ತಾಸಿಗೆ ಮತ್ತೆ ಹಸಿವು. ಒಮ್ಮೆ ಅಮ್ಮ ಊರಿಂದ ಬಂದವರು ಡಬ್ಬಿಗಳ ಮುಚ್ಚಳ ತೆಗೆದು ನೋಡಿ, "ಕಾಳೇ ಇಲ್ವಲ್ಲೋ" ಅಂದರು. ಅಲ್ಲಿಂದ ನನ್ನ ಊಟ ಬದಲಾಯಿತು.

ಹುರುಳಿಕಾಳಿನಿಂದ ಶುರು ಮಾಡಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಅಕ್ಕಿಯಲ್ಲಿ 7-8 ಅಷ್ಟೇ. ತೊಗರಿಬೇಳೆಗಿಂತ ಸಾಮಾನ್ಯವಾಗಿ ಅಗ್ಗವೂ ಹೌದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮರುದಿನಕ್ಕೆ ಮೊಳಕೆ. ನೀರು ಜಾಸ್ತಿ ಹಾಕಿ ಬೇಯಿಸಿದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಒಂದೇ ಸಲ ಒಲೆ ಹಚ್ಚಿದರೆ ಎರಡು ಅಡುಗೆ. ಮರುದಿನ ಕಟ್ಟಿನ ಸಾರು ಇನ್ನೂ ರುಚಿ. ಹೆಸರುಕಾಳು, ಅಲಸಂದೆ, ಕಡಲೆ ಅರ್ಧರ್ಧ ಕೇಜಿ ಇಟ್ಟುಕೊಂಡರೆ ಬೇಸರ ಬರಲ್ಲ.

ಆಮೇಲೆ ಶೇಂಗಾ. ಚಳ್ಳಕೆರೆ ಕಡೆಯ ಬೆಳೆ, ನಮ್ಮಲ್ಲಿ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಪುಡಿ ಮಾಡಿ. ಹದಿನೈದು ದಿನ ಇರುತ್ತದೆ. ಅನ್ನಕ್ಕೆ, ರೊಟ್ಟಿಗೆ, ಎಲ್ಲಕ್ಕೂ ಆಗುತ್ತದೆ. ಮಂಡಕ್ಕಿ ಬಿಡಬೇಡಿ, ಈ ಊರಲ್ಲಿದ್ದು ಮಂಡಕ್ಕಿ ಬಿಡೋದು ಹೇಗೆ? ಆದರೆ ಬರೀ ಮಂಡಕ್ಕಿ ಊಟವಲ್ಲ. ಒಗ್ಗರಣೆಗೆ ಒಂದು ಹಿಡಿ ಶೇಂಗಾ, ಮೇಲೆ ಪುಟಾಣಿ ಹಿಟ್ಟು, ಈರುಳ್ಳಿ ಹಾಕಿ. ಆಗ ಮಧ್ಯಾಹ್ನದವರೆಗೂ ತಡೆಯುತ್ತದೆ.

ರಾಗಿಹಿಟ್ಟು ಇರಲಿ, ಕ್ಯಾಲ್ಸಿಯಂಗೆ ಅದಕ್ಕಿಂತ ಅಗ್ಗದ್ದು ನನಗೆ ಕಂಡಿಲ್ಲ. ಜೋಳದ ರೊಟ್ಟಿ ತಟ್ಟಲು ಬರದಿದ್ದರೆ ಕಟಕ್ ರೊಟ್ಟಿ ಕೊಳ್ಳಿ, ಎಷ್ಟೋ ದಿನ ಕೆಡುವುದಿಲ್ಲ.

ಒಬ್ಬರಿಗೆ ತಿಂಗಳಿಗೆ 6 ಕೇಜಿ ಅಕ್ಕಿ, 2 ಕೇಜಿ ಹಿಟ್ಟು, ಬೇಳೆ ಕಾಳು ಸೇರಿ 2 ಕೇಜಿ, 1 ಕೇಜಿ ಶೇಂಗಾ, 1 ಲೀಟರ್ ಎಣ್ಣೆ. ನನಗೆ ಇಷ್ಟು ಸಾಕಾಗುತ್ತಿತ್ತು. ಹಿಟ್ಟನ್ನು ಮಾತ್ರ ಒಂದೊಂದೇ ಕೇಜಿ ತನ್ನಿ, ಹುಳ ಬೀಳುತ್ತದೆ. ತರಕಾರಿ ವಾರಕ್ಕೆ ಎರಡು ಸಲ, ಸಂಜೆ ಅಂಗಡಿ ಎತ್ತುವ ಹೊತ್ತಿಗೆ. ಸೊಪ್ಪಿನ ಕಟ್ಟು ಆಗ ಕಡಿಮೆಗೆ ಕೊಡುತ್ತಾರೆ. ತಂದ ದಿನವೇ ಮಾಡಿಬಿಡಿ. ಮಳೆಗಾಲದಲ್ಲಿ ಶೇಂಗಾ ಬೂಸ್ಟು ಹಿಡಿದರೆ, ಕಹಿ ಬಂದರೆ, ದುಡ್ಡು ಹೋಯಿತು ಅಂತ ಹುರಿದು ತಿನ್ನಬೇಡಿ. ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಲಿವರಿಗೆ ಕೆಟ್ಟದ್ದು.

ಕುಕ್ಕರ್ ಇಲ್ಲ ಅಂದರೆ ಕೈಯಲ್ಲಿರುವ ಮೊದಲ ದುಡ್ಡು ಅದಕ್ಕೇ ಹಾಕಿ. ಒಬ್ಬರಿಗೆ 3 ಲೀಟರಿನದು ಸಾಕು. ರೂಮ್ ಖಾಲಿ ಮಾಡುವ ಸೀನಿಯರ್‌ಗಳನ್ನು ಕೇಳಿ, ಕಡಿಮೆಗೆ ಕೊಟ್ಟು ಹೋಗುತ್ತಾರೆ. ಹಳೆಯದಾದರೆ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಎರಡನ್ನೂ ಹೊಸದು ಹಾಕಿಸಿಕೊಂಡೇ ಒಲೆ ಮೇಲೆ ಇಡಿ.