ಆರ್.ಕೆ. ಶ್ರೀಕಂಠನ್ ಯಾರು? ಕರ್ನಾಟಕ ಸಂಗೀತದಲ್ಲಿ ಅವರ ಹೆಸರು ಅಷ್ಟು ದೊಡ್ಡದೇಕೆ?

ಅವರು ಕರ್ನಾಟಕ ಶಾಸ್ತ್ರೀಯ ಸಂಗೀತದ ಗಾಯಕರು. ಹೆಸರಿನಿಂದಲೇ ಶುರು ಮಾಡೋಣ. 'ಆರ್' ಅಂದರೆ ರುದ್ರಪಟ್ಟಣ, ಹಾಸನ ಜಿಲ್ಲೆಯಲ್ಲಿ ಕಾವೇರಿ ದಡದ ಊರು. 'ಕೆ' ಅಂದರೆ ಕೃಷ್ಣಶಾಸ್ತ್ರಿ, ಅವರ ತಂದೆ. ರುದ್ರಪಟ್ಟಣ ಸಂಗೀತಗಾರರ ಊರು. ಈಗ ಅಲ್ಲಿ ತಂಬೂರಿ ಆಕಾರದ ಗುಡಿಯೇ ಇದೆ!

ಶ್ರೀಕಂಠನ್ ಹುಟ್ಟಿದ್ದು 1920ರ ಜನವರಿ 14ರಂದು. ಸಂಗೀತ ಮನೆಯಲ್ಲೇ ಇತ್ತು. ಅಣ್ಣ ವೆಂಕಟರಾಮಶಾಸ್ತ್ರಿ ಪಿಟೀಲು ವಿದ್ವಾಂಸರು, ಅವರಿಂದ ಪಾಠವೂ ಆಯಿತು. ಆಮೇಲೆ ಆಕಾಶವಾಣಿಯಲ್ಲಿ ಸುಮಾರು ಮೂರು ದಶಕ ಕೆಲಸ. ರೇಡಿಯೋದಲ್ಲಿ ಅವರು ನಡೆಸುತ್ತಿದ್ದ ಸಂಗೀತ ಪಾಠ ಕೇಳಿ ಮನೆಯಲ್ಲೇ ಕೂತು ಕೃತಿ ಕಲಿತವರು ಎಷ್ಟೋ ಜನ.

ನನ್ನ ಪ್ರಕಾರ ಅವರ ನಿಜವಾದ ದೊಡ್ಡತನ ಉಚ್ಚಾರಣೆಯಲ್ಲಿದೆ. ಎಷ್ಟೋ ಗಾಯಕರು ರಾಗದ ಭರದಲ್ಲಿ ಪದ ನುಂಗಿಬಿಡುತ್ತಾರೆ, ಅಲ್ವಾ? ಇವರು ಹಾಗಲ್ಲ. ದಾಸರ ಪದ ಹಾಡಿದರೆ ಅಲ್ಪಪ್ರಾಣ, ಮಹಾಪ್ರಾಣ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತದೆ. ಪದವನ್ನು ಅರ್ಥ ಕೆಡುವ ಜಾಗದಲ್ಲಿ ಒಡೆಯುವುದಿಲ್ಲ. ಸುಮ್ನೆ ಕಚೇರಿ ಕೊನೆಗೆ ತುಕ್ಕಡವಾಗಿ, ಅಂದರೆ ಚಿಕ್ಕ ಲಘು ಹಾಡಾಗಿ, ಬರುತ್ತಿದ್ದ ಹರಿದಾಸರ ರಚನೆಗಳನ್ನು ರಾಗ, ಸ್ವರ ಹಾಕಿ ವಿಸ್ತಾರವಾಗಿ ಹಾಡಿದರು.

ಪ್ರಶಸ್ತಿಗಳು ಜಾಸ್ತಿಯೇ ಇವೆ. ಮುಖ್ಯವಾದವು ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಕೊಡುವ ಸಂಗೀತ ಕಲಾನಿಧಿ (1995), 2011ರ ಪದ್ಮಭೂಷಣ.

ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡುತ್ತಿದ್ದರು, ಶಿಷ್ಯರಿಗೆ ಪಾಠವನ್ನೂ ಹೇಳುತ್ತಿದ್ದರು. 2014ರ ಫೆಬ್ರವರಿ 17ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮಗ ರಮಾಕಾಂತ್ ಕೂಡ ಗಾಯಕರೇ.