ಗೇರ್ ಕಿರುಚಿದರೆ ಏನರ್ಥ?
ಹಳೆಯ ಗಾಡಿಗಳ ಚಾಲನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀಪು, ಅಂಬಾಸಿಡರ್, ಪದ್ಮಿನಿ, ಯೆಜ್ಡಿ ಕಾಲದ ಗಾಡಿಗಳವು. ಅಪ್ಪ ಹೇಳಿಕೊಟ್ಟದ್ದು, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಗದರಿದ್ದು ನೆನಪಿದೆ, ಯಾಕೆ ಹಾಗೆ ಅನ್ನುವುದು ಮಾತ್ರ ಗೊತ್ತಿಲ್ಲ ಎಂದು ಹಲವರು ಬರೆದಿದ್ದಾರೆ. ಹಿರಿಯರು ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಸರಿಯಿಲ್ಲದ ಒಂದೆರಡನ್ನು ಮುಲಾಜಿಲ್ಲದೆ ಹೇಳಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಹಳೆಯ ಸಿಜೆ-3ಬಿ ಪೆಟ್ರೋಲ್ ಜೀಪ್ ಇದೆ. ಓಡುತ್ತಿರುವಾಗ ಎರಡನೇ ಗೇರಿನಿಂದ ಒಂದಕ್ಕೆ ಹಾಕಿದರೆ ಗರ್ರ್ ಎನ್ನುತ್ತದೆ. ತಂದೆಯವರು ‘ಎರಡು ಸಲ ಕ್ಲಚ್ ಒತ್ತಬೇಕು’ ಎನ್ನುತ್ತಿದ್ದರು. ಅದು ಹೇಗೆ, ಯಾಕೆ?
— ಸಕಲೇಶಪುರದ ಓದುಗರು

ನಿಮ್ಮ ತಂದೆಯವರು ಹೇಳಿದ್ದು ಸರಿ. ಈ ಜೀಪಿನ ಟಿ-90 ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಮೂರೇ ಗೇರ್. ಎರಡು ಮತ್ತು ಮೂರಕ್ಕೆ ಸಿಂಕ್ರೊಮೆಶ್ ಇದೆ, ಒಂದಕ್ಕೆ ಮತ್ತು ರಿವರ್ಸಿಗೆ ಇಲ್ಲ. ಸಿಂಕ್ರೊಮೆಶ್ ಎಂದರೆ ಹಲ್ಲುಗಳು ಕೂಡುವ ಮೊದಲೇ ಹಿತ್ತಾಳೆ ಉಂಗುರವೊಂದು ಉಜ್ಜಿ ಎರಡು ಕಡೆಯ ವೇಗವನ್ನೂ ಸಮ ಮಾಡುವ ಏರ್ಪಾಡು. ಅದಿಲ್ಲದ ಕಡೆ ಆ ಕೆಲಸವನ್ನು ಚಾಲಕನೇ ಮಾಡಬೇಕು. ಓಡುವ ಬಸ್ಸು ಹತ್ತುವವನು ಮೊದಲು ಅದರ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಲೆಕ್ಕ ಅದೇ.

ಅಂಕಿಗಳಲ್ಲಿ ನೋಡೋಣ. ಟಿ-90ರಲ್ಲಿ ಒಂದನೇ ಗೇರಿನ ಅನುಪಾತ (ಗೇರ್‌ಬಾಕ್ಸಿನಿಂದ ಹೊರಬರುವ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತು) 2.798, ಎರಡನೆಯದು 1.551, ಮೂರನೆಯದು 1. ಗಾಡಿ ಅದೇ ವೇಗದಲ್ಲಿರುವಾಗ ಎರಡರಿಂದ ಒಂದಕ್ಕೆ ಇಳಿಯಬೇಕಾದರೆ ಎಂಜಿನ್ ಕಡೆಯ ಹಲ್ಲುಚಕ್ರಗಳು ಸುಮಾರು 1.8 ಪಟ್ಟು ಜೋರಾಗಿ ತಿರುಗಬೇಕು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 950 ಸುತ್ತು ತಿರುಗುತ್ತಿದ್ದರೆ, ಒಂದನೆಯದಕ್ಕೆ ಬೇಕಾದದ್ದು ಸುಮಾರು 1700. ಜೀಪಿನಲ್ಲಿ ಸುತ್ತು ತೋರಿಸುವ ಮೀಟರ್ ಇಲ್ಲ, ಕಿವಿಯೇ ಮೀಟರ್.

ಕ್ರಮ ಹೀಗೆ. ವೇಗವನ್ನು 15ರ ಕೆಳಗೆ ಇಳಿಸಿ. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಪೂರ್ತಿ ಬಿಡಿ. ಈಗ ಎಕ್ಸಿಲರೇಟರನ್ನು ಒಮ್ಮೆ ಚುರುಕಾಗಿ ತುಳಿದು ಬಿಡಿ. ಎಂಜಿನ್ನಿನ ದನಿ ಏರಿ ಇನ್ನೇನು ಇಳಿಯಬೇಕು ಅನ್ನುವಷ್ಟರಲ್ಲಿ ಮತ್ತೆ ಕ್ಲಚ್ ಒತ್ತಿ ಲಿವರನ್ನು ಒಂದಕ್ಕೆ ಎಳೆಯಿರಿ. ನಡುವೆ ಕ್ಲಚ್ ಬಿಡುವುದೇ ಇದರ ಜೀವಾಳ. ಕ್ಲಚ್ ಒತ್ತಿಕೊಂಡೇ ರೇಸ್ ಮಾಡಿದರೆ ಎಂಜಿನ್ ಮಾತ್ರ ಕೂಗುತ್ತದೆ, ಗೇರ್‌ಬಾಕ್ಸಿನೊಳಗೆ ಹಲ್ಲುಚಕ್ರಗಳನ್ನು ತಿರುಗಿಸುವ ಲೇಶಾಫ್ಟ್ ಎಂಬ ದಂಡಕ್ಕೆ ಅದು ತಲುಪುವುದಿಲ್ಲ. ಹೊಸಬರು ಎಡವುವುದು ಇಲ್ಲೇ.

ಮೇಲಿನ ಗೇರಿಗೆ ಹೋಗುವಾಗ ರೇಸ್ ಬೇಡ. ಕ್ಲಚ್, ನ್ಯೂಟ್ರಲ್, ಕ್ಲಚ್ ಬಿಡುವುದು, ಒಂದು ಉಸಿರಿನಷ್ಟು ಕಾಯುವುದು, ಮತ್ತೆ ಕ್ಲಚ್, ಗೇರ್. ಸಿಂಕ್ರೊಮೆಶ್ ಇಲ್ಲದ ಹಳೆಯ ಲಾರಿ, ಬಸ್ಸುಗಳಲ್ಲಿ ಎಲ್ಲ ಗೇರಿಗೂ ಇದೇ ಪಾಠ.

ನಿಂತಲ್ಲೇ ಒಂದನೇ ಗೇರ್ ಗರ್ರ್ ಅನ್ನುತ್ತಿದ್ದರೆ ಕಾರಣ ಬೇರೆ. ಕ್ಲಚ್ ಒತ್ತಿದ ಮೇಲೂ ಒಳಗಿನ ಚಕ್ರಗಳು ಎರಡು ಮೂರು ಸೆಕೆಂಡ್ ತಿರುಗುತ್ತಿರುತ್ತವೆ. ಕ್ಲಚ್ ಒತ್ತಿಕೊಂಡೇ ಲಿವರನ್ನು ಎರಡನೇ ಗೇರಿನ ಕಡೆಗೆ ಒಮ್ಮೆ ಒತ್ತಿ, ಆಮೇಲೆ ಒಂದಕ್ಕೆ ತನ್ನಿ. ಎರಡನೆಯದರ ಸಿಂಕ್ರೊ ಅವನ್ನು ತಡೆದು ನಿಲ್ಲಿಸುತ್ತದೆ. ಐದು ಸೆಕೆಂಡ್ ಕಾದರೂ ಸದ್ದು ನಿಲ್ಲದಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದರ್ಥ. ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ ಕೆಲಸ ಶುರು ಮಾಡುವ ಮೊದಲು ಪೆಡಲ್ ಸಡಿಲವಾಗಿ ಚಲಿಸುವ ದೂರ, ನೋಡಿಸಿ. ಸಾಮಾನ್ಯವಾಗಿ ಒಂದು ಅಂಗುಲದ ಆಸುಪಾಸು ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಗೇರ್ ಕಿರುಚುತ್ತದೆ, ಫ್ರೀ ಪ್ಲೇ ಸ್ವಲ್ಪವೂ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ.

ಇನ್ನೊಂದು ಮಾತು. ಹೊಸಬರಿಗೆ ಈ ಜೀಪಿನಲ್ಲಿ ಕಲಿಸುವುದಾದರೆ ಮೆತ್ತನೆಯ ಗದ್ದೆಬಯಲಿನಲ್ಲಿ ಫೋರ್ ವೀಲ್ ಹಾಕಿ ಲೋ ರೇಂಜಿನ ಒಂದನೇ ಗೇರಿನಿಂದ ಶುರು ಮಾಡಿ. ಗೇರ್‌ಬಾಕ್ಸಿನ ಹಿಂದಿರುವ, ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ 2.46 ಪಟ್ಟು ವೇಗದ ಇಳಿಕೆಯೂ ಸೇರುವುದರಿಂದ ಎಕ್ಸಿಲರೇಟರ್ ಮುಟ್ಟದಿದ್ದರೂ ಗಾಡಿ ಗಂಟೆಗೆ ಸುಮಾರು 2 ಕಿ.ಮೀ. ವೇಗದಲ್ಲಿ ತೆವಳುತ್ತದೆ, ಅಷ್ಟು ಸುಲಭಕ್ಕೆ ಆಫ್ ಆಗುವುದಿಲ್ಲ. ಕಲಿಯುವವರು ಸ್ಟೇರಿಂಗಿನ ಮೇಲಷ್ಟೇ ಗಮನ ಇಡಬಹುದು. ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಫೋರ್ ವೀಲ್ ಬೇಡ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕಾಗುತ್ತದೆ. ಜಾರಲು ಮಣ್ಣಿಲ್ಲದಿದ್ದರೆ ಆ ಎಳೆದಾಟವನ್ನೆಲ್ಲ ಗೇರುಗಳೇ ತಿನ್ನಬೇಕು.

ಪ್ರಶ್ನೆ: ಅಂಬಾಸಿಡರಿನ ಸ್ಟೇರಿಂಗ್ ಗೇರ್ (ಸ್ಟೇರಿಂಗ್ ಕಂಬದ ಮೇಲಿನ ಗೇರ್ ಲಿವರ್) ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವ ಕಡೆಗೂ ಅಲ್ಲಾಡುವುದಿಲ್ಲ.
— ತುಮಕೂರಿನ ಓದುಗರು

ಎಳೆದಾಡಬೇಡಿ, ಲಿವರ್ ಮುರಿದೀತು. ಸ್ಟೇರಿಂಗ್ ಕಂಬದ ಬುಡದಿಂದ ಗೇರ್‌ಬಾಕ್ಸ್‌ವರೆಗೆ ಹೋಗುವ ಜೋಡಣೆಯಲ್ಲಿ ಹಲವು ಕೀಲುಗಳಿವೆ. ಅಲ್ಲಿನ ಬುಷ್‌ಗಳು, ಅಂದರೆ ಕೀಲಿನೊಳಗಿನ ಬಳೆಗಳು, ಸವೆದರೆ, ಲಿವರನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಅಡ್ಡ ಸರಿಸುವಾಗ ಒಂದು ಗೇರ್ ಪೂರ್ತಿ ಬಿಡುವ ಮೊದಲೇ ಇನ್ನೊಂದು ಗೇರ್ ಹಿಡಿದುಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ತೆಗೆಯಿರಿ. ಒಬ್ಬರು ಕ್ಲಚ್ ಒತ್ತಿಕೊಂಡಿರಲಿ, ಇನ್ನೊಬ್ಬರು ಕಂಬದ ಬುಡದ ತೋಳುಗಳನ್ನು ಕೈಯಿಂದ ನ್ಯೂಟ್ರಲ್ ಜಾಗಕ್ಕೆ ತಂದರೆ ಸಾಕು. ಎಕ್ಸಾಸ್ಟ್ ಕೊಳವೆ ಕಾದಿರುತ್ತದೆ, ಕೈ ಜೋಪಾನ.

ಇದು ಆ ಹೊತ್ತಿನ ಉಪಾಯ. ಖಾಯಂ ಪರಿಹಾರ ಬುಷ್ ಬದಲಿಸಿ ಜೋಡಣೆಯನ್ನು ಮತ್ತೆ ಹೊಂದಿಸುವುದು. ಅಲ್ಲಿಯವರೆಗೆ ಎರಡರಿಂದ ಮೂರಕ್ಕೆ ಹೋಗುವಾಗ ಮೂಲೆಯಿಂದ ಮೂಲೆಗೆ ಎಳೆಯಬೇಡಿ. ಮೊದಲು ನ್ಯೂಟ್ರಲ್, ಒಂದು ಕ್ಷಣ ಬಿಡುವು, ಆಮೇಲೆ ಅಡ್ಡ ಸರಿಸಿ ಹಾಕಿ. ಪದ್ಮಿನಿಯ ಸ್ಟೇರಿಂಗ್ ಗೇರಿಗೂ ಇದೇ ಮಾತು.

ಪ್ರಶ್ನೆ: ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಂದು ನನಗೆ ಕಲಿಸಿದವರು ಹೇಳಿದ್ದರು. ಈಗಲೂ ಹಾಗೇ ಮಾಡುತ್ತೇನೆ. ಮಗ ಜಗಳ ಮಾಡುತ್ತಾನೆ.
— ತೀರ್ಥಹಳ್ಳಿಯ ಓದುಗರು

ಮಗನ ಮಾತು ಕೇಳಿ. ಕಾರ್ಬುರೇಟರ್ ಗಾಡಿಯಲ್ಲಿ ಹೀಗೆ ಉಳಿಯುವುದು ಹೆಸರಿಗಷ್ಟೇ ಒಂದಿಷ್ಟು. ಫ್ಯೂಯಲ್ ಇಂಜೆಕ್ಷನ್ ಇರುವ ಕಾರಿನಲ್ಲಂತೂ ಲೆಕ್ಕವೇ ಉಲ್ಟಾ. ಗೇರಿನಲ್ಲಿದ್ದು ಎಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಕುಡಿಯುತ್ತಲೇ ಇರುತ್ತದೆ.

ಆಗುಂಬೆಯಂಥ 14 ಹೇರ್‌ಪಿನ್ ತಿರುವುಗಳ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಇಡೀ ಗಾಡಿಯ ಭಾರ ಬ್ರೇಕಿನ ಮೇಲೆ. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ಮಿನೊಳಗಿನ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಕೆಡುವುದು ಎರಡು ರೀತಿ, ಕಾಲಿಗೆ ಎರಡೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಡ್ರಮ್ಮಿಗೆ ಉಜ್ಜುವ ಲೈನಿಂಗ್ ಅತಿಯಾಗಿ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಒಳಕ್ಕೆ ಹೋಗುತ್ತಿದೆ ಎಂದರೆ ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ಸೇರಿದೆ. ಡಾಟ್-3 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಾಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎನ್ನುವುದು ಇದಕ್ಕೇ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಈ ಹಳೆಯ ಸೂತ್ರಕ್ಕೆ ನಾವು ಸೇರಿಸುವುದು ಒಂದೇ: ಆ ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ಅರ್ಧ ದಾರಿಯಲ್ಲಿ ವೇಗ ಏರಿದ ಮೇಲೆ ಎರಡಕ್ಕೆ ಹಾಕಲು ಹೋಗಿ ಗೇರ್ ಬೀಳದಿದ್ದರೆ ನ್ಯೂಟ್ರಲ್‌ನಲ್ಲೇ ಉಳಿದುಬಿಡುತ್ತೀರಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಿ, ಡ್ರಮ್ ಆರಲಿ.

ಬ್ರೇಕ್ ಕೈಕೊಟ್ಟರೆ ಪೆಡಲನ್ನು ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ಅದು ಕೇಬಲ್ಲಿನಿಂದ ನಡೆಯುವುದರಿಂದ ಆಯಿಲ್ ಕುದಿದರೂ ಒಂದಿಷ್ಟು ಹಿಡಿಯುತ್ತದೆ. ಕಣಿವೆಯ ಕಡೆ ಬೇಡ, ಗುಡ್ಡದ ಕಡೆಯ ಚರಂಡಿಗೆ ಗಾಡಿ ಒರಗಿಸಿ. ನಿಂತ ಮೇಲೆ ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆ ಹಾಗೇ ಬಿಡಿ. ಅಂದಹಾಗೆ, ಇಕ್ಕಟ್ಟಾದ ಘಾಟಿಯಲ್ಲಿ ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಇದು ಸೌಜನ್ಯವಷ್ಟೇ ಅಲ್ಲ, ರಸ್ತೆ ನಿಯಮವೂ ಹೌದು.

ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಹಳೆಯ ಚೇತಕ್, ಯೆಜ್ಡಿಗಳಿಗೆ ಮಾತ್ರ ಒಂದು ತಿದ್ದುಪಡಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಹೋಗುವುದೇ ಪೆಟ್ರೋಲಿನ ಜೊತೆ. ಎಕ್ಸಿಲರೇಟರ್ ಮುಚ್ಚಿಕೊಂಡು ಗೇರಿನಲ್ಲೇ ಉದ್ದಕ್ಕೂ ಇಳಿದರೆ ಪಿಸ್ಟನ್ ಜೋರಾಗಿ ಓಡುತ್ತದೆ, ಆಯಿಲ್ ಮಾತ್ರ ಸಾಲದು. ಪಿಸ್ಟನ್ ಸಿಕ್ಕಿಕೊಂಡು ಸೀಜ್ ಆಗುವುದು ಹೀಗೇ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಮಾಡಿ, ಮತ್ತೆ ಗೇರಿಗೆ ಬನ್ನಿ.

ಪ್ರಶ್ನೆ: ಏರಿನಲ್ಲಿ ನಿಂತಾಗ ಹಾಫ್ ಕ್ಲಚ್ಚಿನಲ್ಲೇ ಗಾಡಿ ಹಿಡಿದು ನಿಲ್ಲಿಸುವುದು ಜಾಣ್ಮೆಯೋ ತಪ್ಪೋ?
— ಮಡಿಕೇರಿಯ ಓದುಗರು

ನೋಡಲು ಜಾಣ್ಮೆ, ಕ್ಲಚ್ ಪ್ಲೇಟಿಗೆ ಶಿಕ್ಷೆ. ಹ್ಯಾಂಡ್‌ಬ್ರೇಕ್ ಇರುವುದೇ ಇದಕ್ಕೆ. ಹ್ಯಾಂಡ್‌ಬ್ರೇಕ್ ಎಳೆದು ಒಂದನೇ ಗೇರ್ ಹಾಕಿ, ಸ್ವಲ್ಪ ಎಕ್ಸಿಲರೇಟರ್ ಕೊಟ್ಟು ಕ್ಲಚ್ಚನ್ನು ನಿಧಾನ ಬಿಡುತ್ತ ಬನ್ನಿ. ಎಂಜಿನ್ನಿನ ದನಿ ತಗ್ಗಿ ಬಾನೆಟ್ ಕೊಂಚ ಮೇಲೆದ್ದಂತೆ ಕಾಣುವ ಜಾಗದಲ್ಲಿ ಪಾದ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಬಿಡಿ. ಗಾಡಿ ಹಿಂದಕ್ಕೆ ಜಾರದಿದ್ದರೆ ಸರಿಯಾದ ಜಾಗ ಸಿಕ್ಕಿದೆ. ಗಾಡಿ ಹೊರಟ ಮೇಲೆ ಕ್ಲಚ್ಚಿನಿಂದ ಪಾದ ಪೂರ್ತಿ ತೆಗೆಯಿರಿ, ಪೆಡಲ್ ಮೇಲೆ ವಿಶ್ರಾಂತಿ ಬೇಡ.

ಪ್ಲೇಟ್ ಸವೆದಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು ಮೂರನೇ ಗೇರ್ ಹಾಕಿ, ತುಸು ರೇಸ್ ಕೊಟ್ಟು ಕ್ಲಚ್ ಬಿಡಿ. ಎಂಜಿನ್ ತಟ್ಟನೆ ಆಫ್ ಆದರೆ ಪ್ಲೇಟ್ ಚೆನ್ನಾಗಿದೆ. ಕೂಗುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಸಾಕು, ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಪ್ರಶ್ನೆ: ಪದ್ಮಿನಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಏರು ಹತ್ತುವಾಗ ನಿಂತುಬಿಡುತ್ತದೆ.
— ಚಿತ್ರದುರ್ಗದ ಓದುಗರು

ಇವು ಎರಡು ಬೇರೆ ಕಾಯಿಲೆಗಳು. ಬೆಳಿಗ್ಗೆ ಚೋಕ್ ಪೂರ್ತಿ ಎಳೆದು, ಎಕ್ಸಿಲರೇಟರ್ ಮುಟ್ಟದೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬ್ಯಾಟರಿಗೆ ಬಿಡುವು ಕೊಡಿ. ಎಂಜಿನ್ ಹತ್ತಿಕೊಂಡ ಮೇಲೆ ಚೋಕ್ ಅರ್ಧಕ್ಕೆ ಒಳಕ್ಕೆ, ಒಂದೆರಡು ಕಿ.ಮೀ. ಹೋದ ಮೇಲೆ ಪೂರ್ತಿ ಒಳಕ್ಕೆ. ಪೆಟ್ರೋಲ್ ವಾಸನೆ ಗಪ್ಪನೆ ಬಂದರೆ ಓವರ್‌ಫ್ಲೋ ಆಗಿದೆ. ಆಗ ಚೋಕ್ ಒಳಕ್ಕೆ ತಳ್ಳಿ, ಎಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದುಕೊಂಡೇ ಸೆಲ್ಫ್ ಹೊಡೆಯಿರಿ. ಪಂಪ್ ಹೊಡೆದರೆ ಇನ್ನಷ್ಟು ಪೆಟ್ರೋಲ್ ಸುರಿದಂತೆ.

ಮಧ್ಯಾಹ್ನದ್ದು ಹೆಚ್ಚಾಗಿ ವೇಪರ್ ಲಾಕ್. ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಅದು ಕಾದಾಗ ಪೆಟ್ರೋಲ್ ಆವಿಯಾಗುತ್ತದೆ, ಪಂಪಿಗೆ ಆವಿಯನ್ನು ಎಳೆಯಲು ಬರುವುದಿಲ್ಲ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಹಳೆಯ ಟ್ಯಾಕ್ಸಿಯವರ ಈ ಉಪಾಯ ಪಕ್ಕಾ ವೈಜ್ಞಾನಿಕ. ನೀರು ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಬೀಳದಿರಲಿ.

ಪ್ರಶ್ನೆ: ಯೆಜ್ಡಿ ಓಡಿಸಿ ಅಭ್ಯಾಸ. ಹಳೆಯ ಬುಲೆಟ್ ಕೈಗೆ ಬಂದಿದೆ. ಬ್ರೇಕ್ ಒತ್ತಲು ಹೋದರೆ ಗೇರ್ ಬೀಳುತ್ತದೆ.
— ಮೈಸೂರಿನ ಓದುಗರು

ಬೀಳದಿದ್ದರೆ ಆಶ್ಚರ್ಯ. ನಿಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಗಾಡಿಗಳಲ್ಲಿ ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ. ಒಂದನೇ ಗೇರ್ ಕೆಳಕ್ಕೆ, ಉಳಿದವು ಮೇಲಕ್ಕೆ. ಹಳೆಯ ಬುಲೆಟ್ಟಿನಲ್ಲಿ ಎಲ್ಲವೂ ತಿರುಗುಮುರುಗು: ಬಲಗಾಲಿಗೆ ಗೇರ್, ಎಡಗಾಲಿಗೆ ಬ್ರೇಕ್, ಒಂದನೆಯದು ಮೇಲಕ್ಕೆ, ಎರಡು, ಮೂರು, ನಾಲ್ಕು ಕೆಳಕ್ಕೆ. ಅಂದರೆ ಯೆಜ್ಡಿಯವರು ಗಾಬರಿಯಲ್ಲಿ ಬಲಗಾಲು ಒತ್ತಿದರೆ ಗಾಡಿಗೆ ಬೀಳುವುದು ಮೇಲಿನ ಗೇರ್. ಮೊದಲ ಕೆಲವು ದಿನ ಖಾಲಿ ಮೈದಾನದಲ್ಲೇ ಓಡಿಸಿ, ನಿಲ್ಲಿಸುವಾಗ ಮುಂದಿನ ಬ್ರೇಕನ್ನೇ ಮೊದಲು ಹಿಡಿಯುವ ರೂಢಿ ಮಾಡಿಕೊಳ್ಳಿ. ಕೈ ಬ್ರೇಕಿನ ಜಾಗ ಎರಡರಲ್ಲೂ ಒಂದೇ.

ಬುಲೆಟ್ಟಿನಲ್ಲಿ ಗೇರ್ ಲಿವರಿನ ಹತ್ತಿರವೇ ಇನ್ನೊಂದು ಪುಟ್ಟ ಲಿವರ್ ಇದೆ. ಅದು ನ್ಯೂಟ್ರಲ್ ಫೈಂಡರ್. ಎರಡು, ಮೂರು ಅಥವಾ ನಾಲ್ಕನೇ ಗೇರಿನಲ್ಲಿದ್ದಾಗ ಕ್ಲಚ್ ಹಿಡಿದು ಹಿಮ್ಮಡಿಯಿಂದ ಅದನ್ನು ಒತ್ತಿದರೆ ನೇರ ನ್ಯೂಟ್ರಲ್. ಒಂದನೆಯದರಲ್ಲಿದ್ದರೆ ಕೆಲಸ ಮಾಡುವುದಿಲ್ಲ. ಹಾಗಾಗಿ ಸಿಗ್ನಲ್ ಬರುವಾಗ ಎರಡರಲ್ಲೇ ನಿಧಾನ ಮಾಡಿ ಒತ್ತಿಬಿಡಿ.

ಯೆಜ್ಡಿಯನ್ನು ಮನೆಯಲ್ಲಿ ಬೇರೆಯವರು ಕಲಿಯುವುದಾದರೆ ಒಂದನ್ನು ಹೇಳಿಕೊಡಿ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ತಂದು ಕೂರಿಸಿದರೇ ಗೇರ್ ಲಿವರ್. ಕಿಕ್ ಹೊಡೆಯುವ ಮೊದಲು ಗಾಡಿಯನ್ನು ಒಂದಡಿ ಹಿಂದೆ ಮುಂದೆ ತಳ್ಳಿ, ನ್ಯೂಟ್ರಲ್‌ನಲ್ಲಿದೆ ಎಂದು ಖಾತ್ರಿ ಮಾಡಿಕೊಳ್ಳಲಿ.

ಪ್ರಶ್ನೆ: ಹಳೆಯ ಗೇರ್‌ಬಾಕ್ಸಿಗೆ ಅಂಗಡಿಯವರು ‘ಒಳ್ಳೆಯದು’ ಎಂದು ಜಿಎಲ್-5 ಆಯಿಲ್ ಕೊಟ್ಟಿದ್ದಾರೆ. ಹಾಕಬಹುದೇ?
— ಹುಬ್ಬಳ್ಳಿಯ ಓದುಗರು

ಜಿಎಲ್-4, ಜಿಎಲ್-5 ಎನ್ನುವುದು ಗೇರ್ ಆಯಿಲಿನ ದರ್ಜೆ. ಜಿಎಲ್-5 ಅನ್ನು ಹಿಂದಿನ ಆಕ್ಸಲ್ಲಿಗಾದರೆ ಹಾಕಿ. ಸಿಂಕ್ರೊ ಉಂಗುರ ಇರುವ ಗೇರ್‌ಬಾಕ್ಸಿಗೆ ಬೇಡ. ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕದ ಅಂಶ ಹಿತ್ತಾಳೆ, ಕಂಚಿನ ಉಂಗುರಗಳನ್ನು ನಿಧಾನವಾಗಿ ತಿನ್ನಬಹುದು. ಅದು ಅತಿಯಾಗಿ ನುಣುಪಾದ್ದರಿಂದ ಉಂಗುರ ಉಜ್ಜಿ ಹಿಡಿಯುವ ಬದಲು ಜಾರುತ್ತದೆ, ಗೇರ್ ಕಿರುಚುತ್ತದೆ. ಗಾಡಿಯ ಕೈಪಿಡಿಯಲ್ಲಿ 90 ನಂಬರಿನ ಗೇರ್ ಆಯಿಲ್ ಎಂದಿದ್ದರೆ ಜಿಎಲ್-4 ದರ್ಜೆಯದನ್ನೇ ಕೇಳಿ ತನ್ನಿ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಪಕ್ಕದ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ತುಂಬಿಸಿ. ತೂತಿನಿಂದ ತೊಟ್ಟಿಕ್ಕಲು ಶುರುವಾದಾಗ ನಿಲ್ಲಿಸಿ ಬಿರಡೆ ಹಾಕಿ. ಹೆಚ್ಚು ತುಂಬಿದರೆ ಸೀಲ್ ದಾಟಿ ಕ್ಲಚ್ ಪ್ಲೇಟಿಗೆ ಬರುತ್ತದೆ.